ಆಪತ್ತಿಗೊಂದು ಅಂಗೈ ಅಗಲದ ಚೀಲ

ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ಇಳಿದೆ. ಬಳ್ಳಾರಿ ಜಾಲಿಯ ಮುಳ್ಳೊಂದು ಚಪ್ಪಲಿ ತೂರಿ ಹಿಮ್ಮಡಿಯಲ್ಲಿ ಮುರಿಯಿತು. ಚೀಲದಲ್ಲಿ ಹನ್ನೊಂದು ಅಲಗುಗಳ ದುಬಾರಿ ಇಕ್ಕಳವಿತ್ತು. ಅದರ ದಪ್ಪ ಮೂತಿಗೆ ಮುಳ್ಳಿನ ತುದಿ ಸಿಗಲೇ ಇಲ್ಲ. ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರು ‘ಕಾಲು ಕೊಡು ತಮ್ಮಾ’ ಎನ್ನುತ್ತಾ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ನಿಮಿಷದಲ್ಲಿ ಮುಳ್ಳು ಎಬ್ಬಿಸಿದರು. ಅಂದು ಸಂಜೆಯೇ ನನ್ನ ತುರ್ತು ಚೀಲವನ್ನು ಬರಿದು ಮಾಡಿದೆ, ಆಮೇಲೆ ಹೊಸದಾಗಿ ತುಂಬಿದೆ.

ಮೊದಲ ಹೆಜ್ಜೆ ಅಂಗಡಿಯದಲ್ಲ. ಹದಿನೈದು ದಿನ, ‘ಇದಿದ್ದರೆ ಚೆನ್ನಾಗಿತ್ತು’ ಎನಿಸಿದ್ದನ್ನೆಲ್ಲ ಬರೆದಿಡಿ. ನನ್ನ ಪಟ್ಟಿಯಲ್ಲಿ ಬಂದದ್ದು ಬಿಸಿಲು, ಮುಳ್ಳು, ಕರೆಂಟು, ಸತ್ತ ಮೊಬೈಲ್. ಜಾಹೀರಾತಿನ ಕಾಡು, ಹಿಮ, ಬೆಂಕಿಕಡ್ಡಿ ಯಾವುದೂ ಇಲ್ಲ.

ಎರಡನೆಯದು ಬಿಸಿಲು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಎರಡು ಓಆರ್‌ಎಸ್ (ನೀರಿಗೆ ಕಲಸುವ ಉಪ್ಪು-ಸಕ್ಕರೆ ಪುಡಿ) ಪೊಟ್ಟಣ ಇರಲಿ. ‘ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ’ ಎಂಬ ಬರಹ ನೋಡಿ ಕೊಳ್ಳಿ. ಸಿಹಿ ಪಾನೀಯ ಅದರ ಜಾಗ ತುಂಬದು. ಪೊಟ್ಟಣಕ್ಕೂ ಬಾಟಲಿಗೂ ಜೋಡಿ ಹೊಂದಬೇಕು: 1 ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಿದರೆ ಉಪ್ಪು ಅತಿಯಾಗಿ ತೊಂದರೆಯಾಗುತ್ತದೆ. ಸಣ್ಣ ಬಾಟಲಿ ಒಯ್ಯುವವರಿಗೆ 200 ಮಿಲಿಲೀಟರಿನ ಪೊಟ್ಟಣವೇ ಸರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ನೆರಳಿಗೆ ಒಯ್ದು ಮೈಗೆ ನೀರು ಹನಿಸಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಇದಕ್ಕೆಲ್ಲ ಒದಗುವುದು ಒಂದು ಹತ್ತಿ ಟವೆಲ್. ನೆನೆಸಿದರೆ ತಂಪು, ಮಡಚಿ ಒತ್ತಿದರೆ ರಕ್ತ ನಿಲ್ಲುತ್ತದೆ, ಕೊರಳಿಗೆ ಕಟ್ಟಿದರೆ ಮುರಿದ ಕೈಗೆ ತೊಟ್ಟಿಲು. ಇಡೀ ಚೀಲದಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಟವೆಲನ್ನೇ ಉಳಿಸಿಕೊಳ್ಳುತ್ತೇನೆ.

ಈಗ ಸಲಕರಣೆ. ಚೂಪು ಮೂತಿಯ ಚಿಮುಟ, ನಾಲ್ಕು ಪಿನ್ನು, ಮೊಂಡು ತುದಿಯ ಗಟ್ಟಿ ಕತ್ತರಿ, ಎರಡು ತುದಿಯ ಕಡ್ಡಿ ತಿರುವಿ ಹಾಕುವ ಸ್ಕ್ರೂಡ್ರೈವರ್. ಚಾಕುವಿಗಿಂತ ಕತ್ತರಿ ಮೇಲು: ಗಾಯಾಳುವಿನ ಬಟ್ಟೆಯನ್ನು ಚರ್ಮಕ್ಕೆ ತಾಗದಂತೆ ಕತ್ತರಿಸಬಹುದು. ಕೊಳ್ಳುವ ಮೊದಲು ಒದ್ದೆ ಕೈಯಲ್ಲಿ ಹಿಡಿದು ನೋಡಿ. ಬೆವರಿಗೆ ಜಾರಿದರೆ ಅಲ್ಲೇ ಬಿಟ್ಟು ಬನ್ನಿ. ಇನ್ಸುಲೇಶನ್ ಟೇಪಿನ ಇಡೀ ಉರುಳೆ ಬೇಡ, ಹಳೆಯ ಎಟಿಎಂ ಕಾರ್ಡಿಗೆ ಎರಡು ಮೀಟರ್ ಸುತ್ತಿಕೊಂಡರೆ ಸಾಕು.

ಭತ್ತದ ಗದ್ದೆಯ ಬದುವಿನ ಮೇಲೆ ಓಡಾಡುವವರಿಗೆ ಒಂದು ಮಾತು. ಹಾವು ಕಚ್ಚಿದರೆ ಈ ಕತ್ತರಿಗೂ, ಯಾವ ದಾರಕ್ಕೂ ಕೆಲಸವಿಲ್ಲ. ಕೊಯ್ಯುವುದು, ಬಿಗಿದು ಕಟ್ಟುವುದು, ಹೀರುವುದು ಹಾನಿಯನ್ನೇ ಹೆಚ್ಚಿಸುತ್ತವೆ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಮೊಬೈಲಿನಲ್ಲೇ ಬೆಳಕಿದೆಯಲ್ಲ ಎನ್ನುತ್ತಾರೆ. ಆ ಬ್ಯಾಟರಿ ಕರೆ ಮಾಡಲು ಉಳಿಯಲಿ. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ ಸೆಲ್ ಟಾರ್ಚ್ ಕೊಳ್ಳಿ, ಒಂದು ಸೆಲ್ ತಿರುವಿ ಹಾಕಿಡಿ. ಚೀಲದೊಳಗೆ ತಾನೇ ಹತ್ತಿಕೊಳ್ಳುವುದಿಲ್ಲ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ಫೋನಿಗೆ ಸಿಗುವುದು ಸುಮಾರು 6,000 ಮಾತ್ರ, ಉಳಿದದ್ದು ವೋಲ್ಟೇಜ್ ಬದಲಾಗುವಾಗ ಕರಗುತ್ತದೆ. ಒಂದು ದಿನಕ್ಕೆ ಅದು ಧಾರಾಳ.

ಕೊನೆಗೊಂದು ಚೀಟಿ: ರಕ್ತದ ಗುಂಪು, ಒಗ್ಗದ ಔಷಧಿ, ಮನೆಯವರ ಎರಡು ನಂಬರ್, ತುರ್ತು ಸಹಾಯದ 112. ಜೊತೆಗೆ ಇನ್ನೂರು ರೂಪಾಯಿ ಚಿಲ್ಲರೆ. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಂಬಿ ಬಸ್ ಹತ್ತಲಾಗದು.

ಚೀಲವನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಮೇ ತಿಂಗಳ ಬಿಸಿಲಿಗೆ ಮಾತ್ರೆಗಳಿದ್ದರೆ ಕೆಡುತ್ತವೆ, ಪವರ್ ಬ್ಯಾಂಕ್ ಉಬ್ಬುತ್ತದೆ. ಯುಗಾದಿಗೆ, ದೀಪಾವಳಿಗೆ ಒಮ್ಮೆ ಬಿಚ್ಚಿ ದಿನಾಂಕ ನೋಡಿ. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರು ಕತ್ತರಿಯನ್ನು ಒಪ್ಪಿಸುವ ಲಗೇಜಿಗೆ, ಪವರ್ ಬ್ಯಾಂಕನ್ನು ಕೈಚೀಲಕ್ಕೆ ಹಾಕಿಕೊಳ್ಳಿ; ಪವರ್ ಬ್ಯಾಂಕ್ ಲಗೇಜಿನಲ್ಲಿ ಸಿಕ್ಕರೆ ಪೆಟ್ಟಿಗೆ ಬಿಚ್ಚಿಸುತ್ತಾರೆ.