ಕಕ್ಕಡದ ಮಳೆಯಲ್ಲಿ ಟರ್ಷರಿ ಬ್ಯುಟೈಲ್ ಕ್ಲೋರೈಡ್

ನೀರು ಸೋಕಿದರೆ ಒಡೆಯುವ ಟರ್ಷರಿ ಬ್ಯುಟೈಲ್ ಕ್ಲೋರೈಡ್ ಎಂಬ ದ್ರವವನ್ನು ಮಡಿಕೇರಿಯ ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಲ್ಯಾಬಿನಲ್ಲೇ ತಯಾರಿಸುತ್ತೇನೆ ಎಂದಾಗ ವಿಭಾಗದಲ್ಲಿ ಯಾರೂ ನಂಬಲಿಲ್ಲ. ‘ಕಕ್ಕಡ ಕಳೆಯಲಿ ಸರ್, ಆಮೇಲೆ ನೋಡೋಣ’ ಎಂದರು. ಈಗ ಪ್ರಾಯೋಗಿಕ ತರಗತಿಗೆ ನಾನು ತಯಾರಿಸಿದ ಬಾಟಲಿಯೇ ಹೋಗುತ್ತದೆ.

ಮೊದಲ ತೊಡಕು ಕಚ್ಚಾ ವಸ್ತುವಿನದು. ಟರ್ಷರಿ ಬ್ಯುಟನಾಲ್ ಎಂಬ ಆಲ್ಕೋಹಾಲ್ ಕರಗುವುದು ಸುಮಾರು 25 ಡಿಗ್ರಿಯಲ್ಲಿ. ನಮ್ಮ ಜುಲೈ ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ. ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ, ಪಿಪೆಟ್ ಮುಟ್ಟದೆ 20 ಗ್ರಾಂ ತೂಗಿಕೊಳ್ಳುತ್ತೇನೆ. ಅದಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 80–85 ಮಿ.ಲೀ. ಎರಡನ್ನೂ ಕುಲುಕುತ್ತಾ, ಒಳಗೆ ಒತ್ತಡ ಸೇರದಂತೆ ಆಗಾಗ ಗಾಳಿ ಬಿಡುತ್ತೇನೆ. ಉಳಿದ ಆಮ್ಲ ಹೋಗಲು ಅಡುಗೆ ಸೋಡಾ ದ್ರಾವಣದಿಂದ ತೊಳೆಯುವುದನ್ನು ಮಾತ್ರ ಚುರುಕಾಗಿ ಮುಗಿಸಬೇಕು. ಕಾಸ್ಟಿಕ್ ಸೋಡಾ ಬಳಸಿದರೆ ಸರಕು ಐಸೊಬ್ಯುಟಿಲೀನ್ ಅನಿಲವಾಗಿ ಹಾರಿಹೋಗುತ್ತದೆ.

ನಿಜವಾಗಿ ಕಾಡಿದ್ದು ಒಣಗಿಸುವ ಹಂತ. ನೀರು ಹೀರಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್‌ನ ಡಬ್ಬಿ ತೆರೆದರೆ ಸಾಕು, ಇಲ್ಲಿನ ಗಾಳಿಗೆ ಪಸೆಯೇರಿ ಮುದ್ದೆಯಾಗುತ್ತಿತ್ತು. ಬಟ್ಟಿ ಇಳಿಸಿದ ದ್ರವ ಮಬ್ಬಾಗಿ ಬರುತ್ತಿತ್ತು, ವಾರ ಕಳೆಯುವಷ್ಟರಲ್ಲಿ ಆಮ್ಲದ ಘಾಟು. ಆರಂಭದ ಬ್ಯಾಚ್‌ಗಳ ಹಣವೆಲ್ಲ ಹೀಗೆ ಸಿಂಕಿಗೆ ಹೋಯಿತು. ಈಗ ಹಿಂದಿನ ಸಂಜೆಯೇ ಕ್ಯಾಲ್ಸಿಯಂ ಕ್ಲೋರೈಡನ್ನು ಒಲೆಪೆಟ್ಟಿಗೆಯಲ್ಲಿ ಕಾಯಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ಇಡುತ್ತೇನೆ. ಅದನ್ನು ದ್ರವಕ್ಕೆ ಸೇರಿಸುವ ರೀತಿಯಲ್ಲಿ ನನ್ನದೇ ಒಂದು ಕೈಚಳಕವಿದೆ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಬಟ್ಟಿ ಇಳಿಸುವಾಗ ಇದೇ ಚಳಿ ನಮ್ಮ ಪರ. ಕುದಿಬಿಂದು 51 ಡಿಗ್ರಿ ಮಾತ್ರ. ಬಯಲುಸೀಮೆಯಲ್ಲಿ ಬೇಸಿಗೆಯ ನಲ್ಲಿ ನೀರಿಗೆ ಆವಿ ತಪ್ಪಿಸಿಕೊಳ್ಳುತ್ತದೆ, ಇಲ್ಲಿ ಆವಿಯನ್ನು ತಣಿಸುವ ಕಂಡೆನ್ಸರಿನಲ್ಲಿ ಪೂರ್ತಿ ಇಳಿಯುತ್ತದೆ. ಬರ್ನರ್ ಬೇಡವೇ ಬೇಡ, ಬಿಸಿನೀರು ಸಾಕು. ಲೆಕ್ಕದ ಪ್ರಕಾರ 25 ಗ್ರಾಂ ಬರಬೇಕು. ನನಗೆ 18–19 ಗ್ರಾಂ ಸಿಗುತ್ತದೆ. ಖರ್ಚು ಇನ್ನೂರು ರೂಪಾಯಿಯ ಆಸುಪಾಸು.

ಆಲ್ಕೋಹಾಲಿನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟಿಗೆ ನನ್ನ ಕ್ಲೋರೈಡಿನ ಒಂದು ಹನಿ ಬಿದ್ದರೆ ತಕ್ಷಣ ಬಿಳಿ ಒತ್ತರ, ಅಂದರೆ ಕರಗದ ಬಿಳಿ ಪುಡಿ. ಅದೇ ಅಣುಸೂತ್ರದ 1-ಕ್ಲೋರೊಬ್ಯುಟೇನ್ ಸುಮ್ಮನೆ ಕುಳಿತಿರುತ್ತದೆ. ಬೆಳ್ಳಿಯ ಲವಣ ದುಬಾರಿ, ಹಾಗಾಗಿ ಕ್ರಿಯೆಯ ವೇಗದ ಪಾಠಕ್ಕೆ ಆಮ್ಲದಲ್ಲಿ ಹಳದಿಯಾಗುವ ಬ್ರೋಮೊಫಿನಾಲ್ ಬ್ಲೂ ಎಂಬ ಬಣ್ಣ ಬಳಸುತ್ತೇನೆ. ಕ್ಲೋರೈಡ್ ನೀರಿನಲ್ಲಿ ಒಡೆದಂತೆ ಆಮ್ಲ ಹೊರಬಂದು ಕ್ಷಾರವನ್ನು ಮುಗಿಸುತ್ತದೆ. ಮುಕ್ಕಾಲು ಪಾಲು ನೀರು, ಕಾಲು ಪಾಲು ಅಸಿಟೋನ್, ಚೂರು ಕ್ಷಾರ: ಮಧ್ಯಾಹ್ನ ಒಂದು ನಿಮಿಷದೊಳಗೆ ನೀಲಿ ಹಳದಿಗೆ ತಿರುಗಿದರೆ, ಡಿಸೆಂಬರಿನ ಬೆಳಗಿನ ಕೊರೆಯುವ ನೀರಿನಲ್ಲಿ ಎರಡು ನಿಮಿಷ ದಾಟುತ್ತದೆ. ಹತ್ತು ಡಿಗ್ರಿಗೆ ವೇಗ ಮೂರು ಪಟ್ಟು ಬದಲಾಗುವುದನ್ನು ವಿದ್ಯಾರ್ಥಿಗಳು ಗಡಿಯಾರ ಹಿಡಿದು ಕಾಣುತ್ತಾರೆ.

ಫಿನಾಲ್ ಜೊತೆ ಸೇರಿಸಿ ಪ್ಯಾರಾ-ಟರ್ಷರಿ ಬ್ಯುಟೈಲ್ ಫಿನಾಲ್ ಮಾಡಲೂ ಹೊರಟಿದ್ದೆ. ಅದಕ್ಕೆ ಬೇಕಾದ ವೇಗವರ್ಧಕ ಅಲ್ಯೂಮಿನಿಯಂ ಕ್ಲೋರೈಡ್ ತೂಗುವಾಗಲೇ ತೇವದ ಗಾಳಿಗೆ ಹೊಗೆಯಾಡಿತು. ಆ ಪ್ರಯೋಗವನ್ನು ಜನವರಿಯ ಒಣಹವೆಗೆ ಎತ್ತಿಟ್ಟಿದ್ದೇನೆ.