ಸ್ಪಂಜು ಹಿಂಡುವ ಭಾನುವಾರಗಳು ಮುಗಿದವು: ಕೊಯ್ ಕೊಳದ ಫಿಲ್ಟರ್ ಬದಲಿಸಿದ ನನ್ನ ಅನುಭವ

ನಾಲ್ಕು ವರ್ಷ ನನ್ನ ಭಾನುವಾರದ ಬೆಳಗು ಸ್ಪಂಜು ಹಿಂಡುವುದರಲ್ಲೇ ಕಳೆಯಿತು. ಕೊಳದ ಪಕ್ಕದಲ್ಲಿ ಫಿಲ್ಟರಿನ ಒಂದು ಕಪ್ಪು ಪೆಟ್ಟಿಗೆ, ಅದರಲ್ಲಿ ನಾಲ್ಕು ಪದರ ಸ್ಪಂಜು, ಅದರಡಿ ಒಂದಿಷ್ಟು ಪ್ಲಾಸ್ಟಿಕ್ ಚೆಂಡುಗಳು. ಕೊಳದ ತಳದಲ್ಲಿ ಮುಳುಗಿಸಿದ ಪಂಪು ನೀರನ್ನು ಅದರೊಳಗೆ ತಳ್ಳುತ್ತಿತ್ತು. ಕೊಂಡಾಗ ಡಬ್ಬದ ಮೇಲೆ 15,000 ಲೀಟರ್ ಕೊಳಕ್ಕೆ ಸಾಕು ಎಂದು ಅಚ್ಚಾಗಿತ್ತು. ಆ ಕೊಳದಲ್ಲಿ ಕೊಯ್ ಮೀನು ಇರಬಹುದೆಂದು ಬರೆದಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ತೀರ ತಡವಾಗಿ.

ನನ್ನ ಕೊಳ 4 ಮೀಟರ್ ಉದ್ದ, 2.5 ಮೀಟರ್ ಅಗಲ, 1.2 ಮೀಟರ್ ಆಳ. ಅಂದರೆ 12,000 ಲೀಟರ್. ಮೀನು ಒಂಬತ್ತು. ತಂದಾಗ ಅಂಗೈಯಷ್ಟಿದ್ದವು, ಈಗ ಒಂದೊಂದೂ ಮೊಳದುದ್ದ. ಕೊಯ್ ಗೆಂಡೆ ಮೀನಿನ ಬಣ್ಣದ ಸಂತತಿ. ಗೆಂಡೆಗೆ ಜಠರವೇ ಇಲ್ಲ. ಬಾಯಿಂದ ಒಳಹೋದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಆದ್ದರಿಂದ ಅದು ದಿನವಿಡೀ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಮೀನು ಬೆಳೆಯುತ್ತಿದ್ದವು, ಪೆಟ್ಟಿಗೆ ಇದ್ದಷ್ಟೇ ಇತ್ತು.

ಮೊದಲು ನನಗೆ ತೋಚಿದ್ದು ಇನ್ನೊಂದು ಪೆಟ್ಟಿಗೆ ಕೊಳ್ಳುವುದು. ಕೊಳ್ಳುವ ಮುನ್ನ ಎರಡು ವಾರ ಪ್ರತಿದಿನ, ಮೀನುಗಳಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾವನ್ನು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಎರಡೂ ವಾರ ಮಂಗಳವಾರವೇ ಅಂಕಿ ಏರಿತ್ತು. ಭಾನುವಾರ ತೊಳೆದರೆ ಮಂಗಳವಾರ ಅಮೋನಿಯಾ! ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ವಾಸವಾಗಿರುವುದೇ ಆ ಸ್ಪಂಜಿನಲ್ಲಿ. ನಾನು ಅದನ್ನು ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಬೆಳ್ಳಗಾಗುವವರೆಗೆ ತಿಕ್ಕುತ್ತಿದ್ದೆ. ಅಂದರೆ ವಾರಕ್ಕೊಮ್ಮೆ ನನ್ನ ಕೆಲಸಗಾರರನ್ನೆಲ್ಲ ನಾನೇ ಕೊಂದು, ಆಮೇಲೆ ಕೆಲಸ ಯಾಕೆ ನಡೆಯುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿಕೊಂಡು ಅದರಲ್ಲಿ ಸ್ಪಂಜನ್ನು ಒಮ್ಮೆ ಅದ್ದಿ ಹಿಂಡಿದ್ದರೆ ಸಾಕಿತ್ತು.

ತೊಳೆಯುವ ರೀತಿ ಬದಲಿಸಿದ ಮೇಲೆ ಮಂಗಳವಾರದ ಕಾಟ ತಗ್ಗಿತು, ಆದರೆ ನೀರು ತಿಳಿಯಾಗಲಿಲ್ಲ. ಕಾರಣ ಪೆಟ್ಟಿಗೆಯ ಗಾತ್ರವಲ್ಲ, ಅದರ ವಿಧಾನ. ಮುಳುಗಿದ ಪಂಪು ಹಿಕ್ಕೆಯನ್ನು ಮೊದಲು ಅರೆದು ನುಣ್ಣಗೆ ಮಾಡಿ ನಂತರ ಫಿಲ್ಟರಿಗೆ ಕಳಿಸುತ್ತದೆ. ಸ್ಪಂಜು ಹಿಡಿದ ಹೊಲಸು ಎಲ್ಲಿಗೂ ಹೋಗುವುದಿಲ್ಲ. ಭಾನುವಾರದವರೆಗೆ ಅಲ್ಲೇ ಕೊಳೆಯುತ್ತದೆ, ಕೊಳದ ಅಷ್ಟೂ ನೀರು ಅದನ್ನೇ ಹಾದು ಬರುತ್ತದೆ. ಕಂಬಳಿಯ ಮೇಲೆ ಕುಳಿತು ಊಟದಲ್ಲಿ ಕೂದಲು ಆರಿಸಿದ ಕಥೆ. ಹೊಲಸು ಕರಗುವ ಮೊದಲೇ ನೀರಿನಿಂದ ಹೊರಗೆ ಹೋಗಬೇಕು, ಬ್ಯಾಕ್ಟೀರಿಯಾದ ಮನೆ ಅದರ ನಂತರ ಬರಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ಕೊಳದ ತಳದಲ್ಲೊಂದು ರಂಧ್ರ ಬೇಕು. ನನ್ನ ಕೊಳ ಕಾಂಕ್ರೀಟಿನದು. ಕಟ್ಟುವಾಗ ಯೋಚಿಸದಿದ್ದಕ್ಕೆ ಈಗ ನೆಲ ಒಡೆಯುವ ಶಿಕ್ಷೆ.

ಮೀನುಗಳನ್ನು ದುಂಡನೆಯ ಮಡಚುವ ತೊಟ್ಟಿಗೆ ಸಾಗಿಸಿದೆ. ಅದಕ್ಕೆ ಕೊಳದ ನೀರನ್ನೇ ತುಂಬಿ, ಹಳೆಯ ಪೆಟ್ಟಿಗೆಯನ್ನೇ ಜೋಡಿಸಿ, ಏರ್ ಪಂಪ್ ಹಚ್ಚಿ, ಮೇಲೆ ಬಲೆ ಬಿಗಿದೆ. ಬಲೆ ಬಿಡುವಂತಿಲ್ಲ, ಹೊಸ ಜಾಗಕ್ಕೆ ಬಂದ ಕೊಯ್ ಮೊದಲ ರಾತ್ರಿಯೇ ಹಾರಲು ನೋಡುತ್ತದೆ. ಹಳೆಯ ಪೆಟ್ಟಿಗೆಯನ್ನು ಒಂದು ದಿನವೂ ನಿಲ್ಲಿಸಲಿಲ್ಲ, ಏಕೆಂದರೆ ನೀರಿನ ಹರಿವು ನಿಂತು ಆಮ್ಲಜನಕ ತಪ್ಪಿದರೆ ಕೆಲವೇ ಗಂಟೆಗಳಲ್ಲಿ ಒಳಗಿರುವುದೆಲ್ಲ ಕೊಳೆಯತೊಡಗುತ್ತದೆ. ನೆಲ ಒಡೆದು, 110 ಮಿಲಿಮೀಟರ್ ಪೈಪನ್ನು ತಳದಿಂದ ಹೊರಕ್ಕೆ ಎಳೆದು, ಬಾಯಿಗೆ ಗುಮ್ಮಟದಂಥ ಮುಚ್ಚಳ ಕೂರಿಸಿ, ಮತ್ತೆ ಗಾರೆ ಹಾಕಿಸಲು ಒಂಬತ್ತು ದಿನ ಹಿಡಿಯಿತು. ಹೊಸ ಗಾರೆ ಸುಣ್ಣ ಬಿಟ್ಟು ನೀರಿನ ಪಿಎಚ್ ಏರಿಸುತ್ತದೆ. ಹಾಗಾಗಿ ಅದು ಚೆನ್ನಾಗಿ ಆರಿದ ಮೇಲೆ ಮೀನಿಗೆ ಅಪಾಯವಿಲ್ಲದ ಜಲನಿರೋಧಕ ಲೇಪ ಹಚ್ಚಿಸಿ, ಒಮ್ಮೆ ತುಂಬಿ ಚೆಲ್ಲಿ, ಎರಡನೆಯ ಸಲ ತುಂಬಿದೆ. ಒಟ್ಟು ಮೂರು ವಾರ.

ಹೊಸ ವ್ಯವಸ್ಥೆಯಲ್ಲಿ ನೀರನ್ನು ಫಿಲ್ಟರಿಗೆ ತಳ್ಳುವವರು ಯಾರೂ ಇಲ್ಲ. ತೊಟ್ಟಿಗಳೆಲ್ಲ ಕೊಳದ ಮಟ್ಟದಲ್ಲೇ ನಿಂತಿವೆ. ಪಂಪು ಇರುವುದು ಕಟ್ಟಕಡೆಯಲ್ಲಿ. ಅದು ಕೊನೆಯ ತೊಟ್ಟಿಯಿಂದ ಶುದ್ಧ ನೀರನ್ನು ಕೊಳಕ್ಕೆ ಎತ್ತಿದಾಗ ಅಲ್ಲಿನ ಮಟ್ಟ ಕೆಲವು ಸೆಂಟಿಮೀಟರ್ ಇಳಿಯುತ್ತದೆ, ಆ ಇಳಿತವೇ ಕೊಳದ ತಳದ ನೀರನ್ನು ಎಳೆದು ತರುತ್ತದೆ. ಹಿಕ್ಕೆ ಅರೆಯದೆ, ಬಿದ್ದ ಆಕಾರದಲ್ಲೇ ಬರುತ್ತದೆ.

ಮೊದಲ ತೊಟ್ಟಿಯ ಅಡ್ಡಗಲ ಒಂದು ಮೀಟರ್. ನೀರು ಅದರ ನಡುವಿನ ಕೊಳವೆಯೊಳಗೆ ಮೇಲಕ್ಕೆ ಚಿಮ್ಮಿ, ಕೆಳಕ್ಕೆ ತಿರುಗಿ, ಸುತ್ತಲೂ ಹರಡಿ, ನಿಧಾನವಾಗಿ ಮೇಲೇರಿ ಅಂಚಿನಿಂದ ಮುಂದಕ್ಕೆ ಹೋಗುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದಾಗ ನನಗೇ ಖುಷಿಯಾಯಿತು: ಪೈಪಿನಲ್ಲಿ ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್ ಓಡುವ ನೀರು ಈ ತೊಟ್ಟಿಯಲ್ಲಿ ಮೇಲೇರುವುದು ಸೆಕೆಂಡಿಗೆ ಎರಡೂವರೆ ಮಿಲಿಮೀಟರ್. ಅಷ್ಟು ನಿಧಾನಿಸಿದ ನೀರಿನಲ್ಲಿ ಹಿಕ್ಕೆ ತೇಲಿ ನಿಲ್ಲಲಾರದು, ತಳಕ್ಕೆ ಕೂರುತ್ತದೆ. ತಳದ ವಾಲ್ವ್ ತೆರೆದರೆ ತೋಟಕ್ಕೆ ಹೋಗುತ್ತದೆ. ಎರಡನೆಯದರಲ್ಲಿ ಉಳಿದ ಕಸ ಹಿಡಿಯಲು ಬ್ರಷ್ಷುಗಳ ಸಾಲು. ಮೂರನೆಯದರಲ್ಲಿ ಗಾಲಿಯಂಥ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಗಳು, 500 ಲೀಟರ್ ಡ್ರಮ್ಮಿನಲ್ಲಿ ಅರ್ಧದಷ್ಟು. ಕೆಳಗಿನಿಂದ ಗಾಳಿ ಹಾಯಿಸಿದರೆ ಕುದಿಯುವ ನೀರಿನಂತೆ ತಿರುಗುತ್ತವೆ. ಬ್ಯಾಕ್ಟೀರಿಯಾದ ಹೊಸ ಮನೆ ಅದೇ.

ಪಂಪಿನ ಡಬ್ಬದ ಮೇಲಿನ ಅಂಕಿಯನ್ನು ನಂಬಬೇಡಿ. ಹಳೆಯದರ ಮೇಲೆ ಗಂಟೆಗೆ 6,000 ಲೀಟರ್ ಎಂದಿತ್ತು. 20 ಲೀಟರ್ ಬಕೆಟ್ ತುಂಬಲು ಅದು 24 ಸೆಕೆಂಡ್ ತೆಗೆದುಕೊಂಡಿತು, ಅಂದರೆ 3,000 ಲೀಟರ್. ಎತ್ತರ, ತಿರುವು, ಸಣ್ಣ ಪೈಪು ಸೇರಿ ಅರ್ಧವನ್ನು ನುಂಗಿದ್ದವು. ಹೊಸದು 10,000 ಲೀಟರಿನದು. ಅದೇ ಬಕೆಟ್ ಹತ್ತು ಸೆಕೆಂಡಿನಲ್ಲಿ ತುಂಬುತ್ತದೆ. ಎರಡು ಗಂಟೆಯೊಳಗೆ ಇಡೀ ಕೊಳ ಒಮ್ಮೆ ಫಿಲ್ಟರ್ ಸುತ್ತಿ ಬರುತ್ತದೆ, ನನಗೆ ಬೇಕಿದ್ದದ್ದೂ ಅಷ್ಟೇ.

ಇನ್ನು ನನ್ನ ಆತುರದ ಕಥೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನ್ನ ವಿಷಯದಲ್ಲಿ ಮಟ್ಟವೇ ತಪ್ಪಿತ್ತು. ತೊಟ್ಟಿಗಳ ಎತ್ತರವನ್ನು ನೆಲದಿಂದ ಅಳೆದೆ, ನೆಲ ಒಂದು ಕಡೆ ಇಳಿಜಾರಿತ್ತು. ಬಿಲ್ಲೆಗಳ ಡ್ರಮ್ಮಿನ ಅಂಚು ಕೊಳದ ನೀರಿನ ಮಟ್ಟಕ್ಕಿಂತ ನಾಲ್ಕು ಸೆಂಟಿಮೀಟರ್ ಕೆಳಗಿತ್ತು. ಪಂಪು ಓಡುವಾಗ ಡ್ರಮ್ಮಿನ ನೀರು ಹೇಗೂ ಇಳಿದಿರುತ್ತದೆಯಲ್ಲ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಒಂದು ರಾತ್ರಿ ಕರೆಂಟು ಹೋಯಿತು. ನೀರು ಸಮಮಟ್ಟಕ್ಕೆ ಬರಲು ಹೊರಟು, ಡ್ರಮ್ಮಿನ ಅಂಚು ದಾಟಿ, 400 ಲೀಟರ್ ಹೊರಗೆ ಹರಿಯಿತು. ಬೆಳಗ್ಗೆ ನೋಡಿದರೆ ಹುಲ್ಲಿನ ತುಂಬ ಬಿಳಿ ಬಿಲ್ಲೆಗಳು. ಎರಡು ದಿನ ಕುಕ್ಕರಗಾಲಿನಲ್ಲಿ ಕುಳಿತು ಆರಿಸಿದೆ. ಈಗಲೂ ಗಿಡದ ಬುಡ ಕೆದಕಿದರೆ ಒಂದೆರಡು ಸಿಗುತ್ತವೆ. ಡ್ರಮ್ಮನ್ನು ಎತ್ತರಿಸಿ, ನೀರು ತುಂಬಿದ ಪಾರದರ್ಶಕ ಕೊಳವೆಯ ಒಂದು ತುದಿ ಕೊಳದಲ್ಲಿ, ಇನ್ನೊಂದು ಡ್ರಮ್ಮಿನ ಬಳಿ ಹಿಡಿದು ಮಟ್ಟ ನೋಡಿದೆ. ಮೊದಲೇ ಅದನ್ನು ಮಾಡಲು ಹತ್ತು ನಿಮಿಷ ಬೇಕಿತ್ತು.

ಎರಡನೆಯ ಆತುರ ಮೀನಿನ ಮೈಮೇಲೆ ಬಂತು. ಹಳೆಯ ಪೆಟ್ಟಿಗೆಯನ್ನು ಹೊಸದರ ಜೊತೆಯಲ್ಲೇ ಓಡಿಸುತ್ತಿದ್ದೆ. ಎರಡು ವಾರ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಹೊಸದರಲ್ಲೂ ಬ್ಯಾಕ್ಟೀರಿಯಾ ನೆಲೆಸಿ ಅದು ಮಾಗಿತು ಎಂದು ಹಿಗ್ಗಿ ಹಳೆಯದನ್ನು ಕಿತ್ತೆ. ಸೊನ್ನೆ ತೋರಿಸುತ್ತಿದ್ದದ್ದು ಹಳೆಯದರ ದುಡಿಮೆ! ಬಿಲ್ಲೆಗಳು ಇನ್ನೂ ಹಾಲಿನಂತೆ ಬೆಳ್ಳಗಿದ್ದು ಮೇಲೆಯೇ ತೇಲುತ್ತಿದ್ದವು. ಕಂದು ಲೋಳೆ ಹತ್ತಿ ಭಾರವಾಗುವವರೆಗೆ ಅವು ಸರಿಯಾಗಿ ತಿರುಗುವುದಿಲ್ಲ ಎಂಬುದು ಕಣ್ಣೆದುರೇ ಇತ್ತು. ಐದನೆಯ ದಿನ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ, ಹನ್ನೊಂದನೆಯ ದಿನ ನೈಟ್ರೈಟ್ 1 ಮಿಲಿಗ್ರಾಂ. ಮೀನುಗಳು ನೀರು ಬೀಳುವ ಕಡೆ ಗುಂಪಾಗಿ ಬಾಯಿ ತೆರೆದು ನಿಂತವು. ಊಟ ನಿಲ್ಲಿಸಿದೆ, ಕ್ಲೋರಿನ್ ತೆಗೆದ ನೀರಿನಿಂದ ಕೊಳದ ಕಾಲು ಭಾಗ ಬದಲಿಸಿದೆ, ಸಾವಿರ ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಹನ್ನೆರಡು ಕಿಲೋ ಉಪ್ಪನ್ನು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ನುಸುಳುವ ದಾರಿಯಲ್ಲೇ ಉಪ್ಪಿನ ಕ್ಲೋರೈಡ್ ಕೂಡ ನುಗ್ಗುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟಿಗೆ ಜಾಗ ಕಡಿಮೆ. ಹಳೆಯ ಸ್ಪಂಜುಗಳನ್ನು ಅದೃಷ್ಟಕ್ಕೆ ಒಂದು ತೊಟ್ಟಿಯಲ್ಲಿ ಗಾಳಿ ಹಾಯಿಸುತ್ತಾ ಇಟ್ಟಿದ್ದೆ. ಅವನ್ನು ಬಲೆಯ ಚೀಲದಲ್ಲಿ ತುಂಬಿ ಬಿಲ್ಲೆಗಳ ನಡುವೆ ಇಳಿಬಿಟ್ಟೆ. ನಾಲ್ಕು ವಾರದಲ್ಲಿ ಅಂಕಿಗಳು ಸೊನ್ನೆಗೆ ಬಂದವು. ಒಂದು ಮೀನೂ ಸಾಯಲಿಲ್ಲ, ಆದರೆ ಆ ದಿನಗಳಲ್ಲಿ ನಾನು ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ಹೋಗಿ ಎಣಿಸಿ ಬರುತ್ತಿದ್ದೆ.

ಫಿಲ್ಟರ್ ಮಾಗಿದ ಮೇಲೆ ಎದುರಾದದ್ದು ಕ್ಷಾರೀಯತೆಯ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ಗುಣದ, ಇಳಿತ. ಬ್ಯಾಕ್ಟೀರಿಯಾಗಳು ದುಡಿದಷ್ಟೂ ನೀರಿನ ಕಾರ್ಬೊನೇಟನ್ನು ಖರ್ಚು ಮಾಡುತ್ತವೆ; ಅದು ತೀರಿದರೆ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಲ್ಲದು. ಕ್ಷಾರೀಯತೆಯ ನನ್ನ ಅಳತೆ 6 ಡಿಗ್ರಿಯಿಂದ 3ಕ್ಕೆ ಬಂದಿತ್ತು. ಸಾವಿರ ಲೀಟರಿಗೆ 30 ಗ್ರಾಂ ಅಡುಗೆ ಸೋಡಾ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ದಿನಕ್ಕೊಂದೇ ಡಿಗ್ರಿಯಂತೆ ಮೂರು ದಿನದಲ್ಲಿ ಸರಿಪಡಿಸಿದೆ.

ನೇರಳಾತೀತ ದೀಪವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿಸಿದೆ. ನೀರನ್ನು ಹಸಿರಾಗಿಸುವ ಏಕಕೋಶ ಪಾಚಿಯನ್ನು ಅದು ಅಡಗಿಸುತ್ತದೆ. ಗೋಡೆಗೆ ಅಂಟುವ ನೂಲು ಪಾಚಿಗೂ ಅಮೋನಿಯಾಕ್ಕೂ ಅದರಿಂದ ಏನೂ ಆಗದು. ಬಲ್ಬು ಉರಿಯುತ್ತಿದ್ದರೂ ವರ್ಷ ಕಳೆಯುವಷ್ಟರಲ್ಲಿ ಅದರ ಕಸುವು ಇಳಿದಿರುತ್ತದೆ.

ಈಗ ದಿನಾ ಬೆಳಗ್ಗೆ ಮೊದಲ ತೊಟ್ಟಿಯ ವಾಲ್ವ್ ಎಳೆಯುತ್ತೇನೆ. ಕಾಫಿ ಬಣ್ಣದ ನೀರು ರಭಸದಿಂದ ಬಂದು, ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ; ಮುಚ್ಚುತ್ತೇನೆ. ಹೀಗೆ ಹೋದ ನೀರಿಗೆ ಬದಲಾಗಿ ಹೊಸದನ್ನು ತುಂಬುವುದರಿಂದ, ಬ್ಯಾಕ್ಟೀರಿಯಾ ಬಿಟ್ಟುಹೋಗುವ ನೈಟ್ರೇಟ್ ಕೂಡ ಹಿಡಿತದಲ್ಲಿರುತ್ತದೆ. ಒಂದು ಮೂಲೆ ಮಾತ್ರ ಇನ್ನೂ ಮಣಿದಿಲ್ಲ. ನನ್ನದು ಚೌಕ ಮೂಲೆಗಳ ಕೊಳ. ತಳದ ಸೆಳೆತ ಅಲ್ಲಿಗೆ ಮುಟ್ಟದೆ ಎಲೆ, ಹಿಕ್ಕೆ ಗುಡ್ಡೆಯಾಗುತ್ತವೆ. ಮರಳಿ ಬರುವ ನೀರಿನ ಪೈಪಿನ ಬಾಯನ್ನು ಕಳೆದ ವಾರ ಗೋಡೆಯ ಉದ್ದಕ್ಕೆ ಓರೆಯಾಗಿ ತಿರುಗಿಸಿದ್ದೇನೆ. ಕೊಳದ ನೀರು ಮೆಲ್ಲಗೆ ಸುತ್ತತೊಡಗಿದೆ, ಗುಡ್ಡೆ ಅರ್ಧಕ್ಕಿಳಿದಿದೆ. ಇನ್ನೊಂದು ಬೆರಳಿನಷ್ಟು ತಿರುಗಿಸಿ ನೋಡಬೇಕು.