‘ನಾವು’ ಬಿಟ್ಟು ‘ನಾನು’ ಅನ್ನೋಕೆ ಎಂಟು ತಿಂಗಳು

2023ರ ಅಕ್ಟೋಬರ್‌ನಲ್ಲಿ ಒಂದು ದಿನ ಎಂಡಿ ನನ್ನನ್ನು ಕರೆದು ಕಾಫಿ ತರಿಸಿದರು. ಒಂಬತ್ತು ವರ್ಷದಲ್ಲಿ ಆ ಮನುಷ್ಯ ಯಾರಿಗೂ ಕಾಫಿ ತರಿಸಿದ್ದು ನಾನು ಕಂಡಿರಲಿಲ್ಲ. ಲೋಟ ಟೇಬಲ್ ಮೇಲೆ ಬಂದಾಗಲೇ ವಿಷಯ ಗೊತ್ತಾಯಿತು.

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ಲಾಂಟ್ ಹೆಡ್ ಆಗಿದ್ದೆ. ವಯಸ್ಸು 51. ನಮ್ಮ ಮಾಲು ಡೀಸೆಲ್ ಎಂಜಿನ್ನಿನ ಇಂಧನ ಪಂಪಿಗೆ ಹೋಗುತ್ತಿತ್ತು. 2020ರ ಏಪ್ರಿಲ್ 1ಕ್ಕೆ ದೇಶ ಗಾಡಿಗಳ ಹೊಗೆಯ ನಿಯಮದಲ್ಲಿ ಬಿಎಸ್-4ರಿಂದ ನೇರ ಬಿಎಸ್-6ಕ್ಕೆ ಹಾರಿತಲ್ಲ, ಆಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಸಣ್ಣ ಕಾರಿಗೆ ಡೀಸೆಲ್ ಗಿಟ್ಟೋದಿಲ್ಲ ಅಂತಾಯಿತು. ಹಿಂದೆಯೇ ಎಲೆಕ್ಟ್ರಿಕ್ ಗಾಡಿಗಳು ಬಂದವು. ಬ್ಯಾಟರಿ ಗಾಡಿಗೆ ಇಂಧನ ಪಂಪು ಯಾಕೆ ಬೇಕು? ನಮ್ಮ ಮೂರು ಶಿಫ್ಟು ಎರಡಾಯಿತು, ಎರಡು ಒಂದಾಯಿತು. ಆಮೇಲೆ ನಮ್ಮ ಪ್ಲಾಂಟನ್ನು ಇನ್ನೊಂದರ ಜೊತೆ ಸೇರಿಸಿದರು. ಎರಡು ಪ್ಲಾಂಟಿಗೆ ಒಬ್ಬನೇ ಹೆಡ್ ಸಾಕು, ಅವನು ನಾನಲ್ಲ. ಮೂರು ತಿಂಗಳ ಸಂಬಳ ಕೊಟ್ಟು ಕಳಿಸಿದರು.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಶುದ್ಧ ದಡ್ಡತನ. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಕಂಡಕಂಡಲ್ಲಿ ಅರ್ಜಿ ಹಾಕಿದೆ. ಎಪ್ಪತ್ತಕ್ಕಿಂತ ಜಾಸ್ತಿ. ಬಂದದ್ದು ನಾಲ್ಕು ಫೋನು. ಎರಡು ಇನ್ಶೂರೆನ್ಸ್ ಮಾರೋರದ್ದು. ಒಂದು ಹುಡುಗಿ, ‘ಸರ್, ನಿಮ್ಮ ಪ್ರೊಫೈಲ್ ನೇರ ಸಿಇಓಗಳಿಗೆ ಕಳಿಸ್ತೀವಿ, ರಿಜಿಸ್ಟ್ರೇಷನ್ 35 ಸಾವಿರ’ ಅಂದಳು. ನಿಜ ಹೇಳಬೇಕು, ಕೊಡೋಕೆ ಹೊರಟಿದ್ದೆ. ನನ್ನ ಹೆಂಡತಿ ಒಲೆ ಮುಂದಿನಿಂದಲೇ ಕೇಳಿದಳು, ‘ಕೆಲಸಕ್ಕೆ ಕರೆಯೋರು ದುಡ್ಡು ಕೊಡ್ತಾರೋ, ಇಸ್ಕೊಳ್ತಾರೋ?’ ಅಲ್ಲಿಗೆ ಉಳಿಯಿತು.

ಈ ದೊಡ್ಡ ಹುದ್ದೆಗಳ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು, ಎಷ್ಟೋ ಜನರನ್ನು ಕೆಲಸಕ್ಕೆ ತಗೊಂಡವನು! ಪ್ಲಾಂಟ್ ಹೆಡ್ ಬೇಕು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕೋ ಕಂಪನಿಗಳು ಕಡಿಮೆ. ಎಷ್ಟೋ ಸಲ ಆ ಕುರ್ಚಿಯಲ್ಲಿ ಇನ್ನೂ ಒಬ್ಬರು ಕೂತಿರುತ್ತಾರೆ, ಅವರಿಗೇ ವಿಷಯ ಗೊತ್ತಿರೋದಿಲ್ಲ. ಅದಕ್ಕೇ ದೊಡ್ಡ ಹುದ್ದೆಗೆ ಆಳು ಹುಡುಕಿಕೊಡುವ ಸರ್ಚ್ ಸಂಸ್ಥೆಗೆ ಗುಟ್ಟಾಗಿ ವಹಿಸುತ್ತಾರೆ. ಅವರ ಫೀಸು ಸಾಮಾನ್ಯವಾಗಿ ಮೊದಲ ವರ್ಷದ ಸಂಬಳದ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲು. ಕಂತಿನಲ್ಲಿ ತಗೊಳ್ಳೋದೂ ಉಂಟು: ಹುಡುಕಾಟ ಶುರುವಾದಾಗ ಒಂದಿಷ್ಟು, ಶಾರ್ಟ್‌ಲಿಸ್ಟ್ ಕೊಟ್ಟಾಗ ಒಂದಿಷ್ಟು, ಆಳು ಸೇರಿದಾಗ ಉಳಿದದ್ದು. ಪೂರ್ತಿ ಕೊಡೋದು ಕಂಪನಿ. ಅಂದರೆ ಸರ್ಚ್‌ನವರು ಕಂಪನಿಯ ಕಡೆಯವರು, ನಮ್ಮ ಕಡೆಯವರಲ್ಲ. ‘ನಂಗೊಂದು ಕೆಲಸ ನೋಡಿ’ ಅಂತ ಅವರಿಗೆ ದುಂಬಾಲು ಬಿದ್ದು ಉಪಯೋಗವಿಲ್ಲ. ಅವರ ಕೈಯಲ್ಲಿರುವ ಹುದ್ದೆಗೆ ನಾವು ಹೊಂದಿದರೆ ಅವರೇ ಹುಡುಕಿಕೊಂಡು ಬರುತ್ತಾರೆ, ಇಲ್ಲದಿದ್ದರೆ ಫೋನೂ ಎತ್ತೋದಿಲ್ಲ. ಮೊದಮೊದಲು ಇದು ಅವಮಾನ ಅನ್ನಿಸುತ್ತಿತ್ತು.

ಜನವರಿಯಲ್ಲಿ ಅಂಥ ಸರ್ಚ್‌ನವರೊಬ್ಬರು ಸಿಕ್ಕಿದರು. ಹಳೇ ಕಸ್ಟಮರ್ ಕಂಪನಿಯ ಕ್ವಾಲಿಟಿಯವರೊಬ್ಬರು ನನ್ನ ಹೆಸರು ಕೊಟ್ಟಿದ್ದರಂತೆ. ಯಶವಂತಪುರದ ಒಂದು ಹೋಟೆಲಿನಲ್ಲಿ ಭೇಟಿ. ನಲವತ್ತರ ಆಸುಪಾಸಿನ ಹೆಂಗಸು. ಮುಂದೆ ಒಂದು ನೋಟ್‌ಬುಕ್ ಇತ್ತು. ನನ್ನ ಕೆಲಸದ ಬಗ್ಗೆ ಹೇಳಿ ಅಂದರು. ಹತ್ತು ನಿಮಿಷ ಹೇಳಿದೆ. ಅವರು ನಡುನಡುವೆ ಸಣ್ಣ ಸಣ್ಣ ಗೀಟು ಹಾಕುತ್ತಿದ್ದರು. ನಾನು ಪಾಯಿಂಟ್ ಬರೆದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮುಗಿದ ಮೇಲೆ ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ‘ಸರ್, ಇಪ್ಪತ್ತಮೂರು ಸಲ ನಾವು ಅಂದ್ರಿ. ಒಂದು ಸಲಾನೂ ನಾನು ಅನ್ಲಿಲ್ಲ. ನನ್ನ ಕ್ಲೈಂಟ್ ಹುಡುಕ್ತಿರೋದು ಒಬ್ಬರನ್ನ. ಆ ಒಬ್ಬರು ಏನು ಮಾಡಿದ್ರು?’

ನನಗೆ ಸಿಟ್ಟು ಬಂತು. ಹೊಗಳಿಕೊಳ್ಳಬಾರದು ಅಂತ ಬೆಳೆಸಿದ ಮನೆ ನಮ್ಮದು. ಯಾರು ಮೋಕ್ಷಕ್ಕೆ ಹೋಗುತ್ತಾರೆ ಅಂತ ಗುರುಗಳು ಕೇಳಿದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಅಂದ ಕಥೆ ಕೇಳುತ್ತಲೇ ದೊಡ್ಡವರಾದೆವು. ‘ನಾನು’ ಹೋಗಬೇಕು ಅನ್ನೋದು ಆ ಮಾತಿನ ಅರ್ಥ. ಇಲ್ಲಿ ನೋಡಿದರೆ ಈಯಮ್ಮ ಅದೇ ‘ನಾನು’ ಬೇಕು ಅನ್ನುತ್ತಿದ್ದಾರೆ. ಅದೂ ಅಲ್ಲದೆ, ಕಾರ್ಖಾನೆಯಲ್ಲಿ ಯಾವ ಕೆಲಸ ತಾನೇ ಒಬ್ಬರಿಂದ ಆಗುತ್ತದೆ?

ಆದರೂ ಮನೆಗೆ ಬಂದು ಯೋಚಿಸಿದೆ. ಒಂದು ವಿಷಯ ನೆನಪಾಯಿತು. ನಮ್ಮ ಒಂದು ಲೈನಿನಲ್ಲಿ ರಾತ್ರಿ ಪಾಳಿಯ ರಿಜೆಕ್ಷನ್, ಅಂದರೆ ಅಳತೆ ತಪ್ಪಿದೆ ಅಂತ ಎಸೆಯುವ ಮಾಲು, ಹಗಲಿನದಕ್ಕಿಂತ ದುಪ್ಪಟ್ಟು ಬರುತ್ತಿತ್ತು. ರಾತ್ರಿ ಹುಡುಗರು ತೂಕಡಿಸುತ್ತಾರೆ ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಇಬ್ಬರಿಗೆ ಮೆಮೋ ಕೂಡ ಕೊಟ್ಟಿದ್ದೆ. ಆಮೇಲೆ ಸುಮ್ನೆ ಎರಡು ರಾತ್ರಿ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಎರಡನೇ ರಾತ್ರಿ, ಮಾಲಿನ ಅಳತೆ ನೋಡುವ ಗೇಜ್ ರೂಮಿಗೆ ಹೋದರೆ ಸೆಖೆ! ಕರೆಂಟ್ ಉಳಿಸೋಕೆ ಅಂತ ಸಂಜೆ ಆರಕ್ಕೇ ಎಸಿ ಆಫ್ ಮಾಡುತ್ತಿದ್ದರು. ಅಳತೆ ನೋಡಬೇಕಾದ್ದು 20 ಡಿಗ್ರಿಯಲ್ಲಿ, ರೂಮು 29ರಲ್ಲಿತ್ತು. ನಮ್ಮದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ, ಲೆಕ್ಕದ ಮಾಲು. ಬಿಸಿಯಾದರೆ ಹಿಗ್ಗುತ್ತದೆ. ಮೆಷಿನ್ನಿಂದ ಬಿಸಿಯಾಗಿ ಬಂದದ್ದು ತಣ್ಣಗಾಗದೆ ಗೇಜಿಗೆ ಹೋಗಿ, ಒಳ್ಳೆಯ ಮಾಲೂ ಸ್ಕ್ರ್ಯಾಪ್ ಡಬ್ಬಕ್ಕೆ ಬೀಳುತ್ತಿತ್ತು. ಎಸಿ ಆಫ್ ಮಾಡಿ ಅಂತ ಸರ್ಕ್ಯುಲರ್ ಹೊರಡಿಸಿದ್ದು ಯಾರು? ನಾನೇ! ಮೆಮೋ ವಾಪಸ್ ತಗೊಂಡು ಆ ಇಬ್ಬರ ಹತ್ತಿರ ತಪ್ಪಾಯಿತು ಅಂದೆ.

ಐದು ಪುಟದ ರೆಸ್ಯೂಮೆಯಲ್ಲಿ ಇದು ಹೇಗಿತ್ತು ಗೊತ್ತಾ? ‘ಗುಣಮಟ್ಟ ಸುಧಾರಣೆಯಲ್ಲಿ ತಂಡವನ್ನು ಮುನ್ನಡೆಸಿದ್ದು.’ ಇಷ್ಟೇ. ಅದನ್ನು ಕಿತ್ತುಹಾಕಿ ಎಸಿ ಕಥೆಯನ್ನೇ ಮೂರು ಸಾಲಲ್ಲಿ ಬರೆದೆ. ಸರ್ಕ್ಯುಲರ್ ನನ್ನದೇ ಅನ್ನೋದನ್ನೂ ಸೇರಿಸಿದೆ. ಇಂಥವೇ ಐದು ಉಳಿಸಿಕೊಂಡೆ, ಎರಡು ಪುಟವಾಯಿತು. ಮಗ ಎಐನಲ್ಲಿ ಹಾಕಿ ತಿದ್ದಿಕೊಡುತ್ತೇನೆ ಅಂದ. ತಿದ್ದಿಸಿ ನೋಡಿದರೆ ಮತ್ತೆ ‘ತಂಡವನ್ನು ಮುನ್ನಡೆಸಿದ್ದು’ ಅಂತಲೇ ಬಂದು ಕೂತಿತ್ತು. ಬೇಡಪ್ಪಾ ಅಂದೆ.

ಆಯಮ್ಮನ ಕೈಯಲ್ಲಿದ್ದ ಮೊದಲ ಹುದ್ದೆ ನನಗೆ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಇನ್ನೊಂದಕ್ಕೆ ಅವರೇ ಫೋನ್ ಮಾಡಿದರು. ನರಸಾಪುರದ ಕಡೆ, ಎಲೆಕ್ಟ್ರಿಕ್ ಸ್ಕೂಟರಿನ ಮೋಟರ್ ಕಂಟ್ರೋಲರ್ ಮಾಡುವ ಹೊಸ ಪ್ಲಾಂಟು. ನನಗೆ ಎಲೆಕ್ಟ್ರಾನಿಕ್ಸ್ ಬರೋದಿಲ್ಲ ಅಂದೆ. ‘ಸರ್ಕಿಟ್ ಗೊತ್ತಿರೋರು ಅವರ ಹತ್ರ ಬೇಕಾದಷ್ಟಿದ್ದಾರೆ. ರಾತ್ರಿ ಸ್ಟೂಲ್ ಹಾಕ್ಕೊಂಡು ಕೂರೋರು ಇಲ್ಲ’ ಅಂದರು. ತಕ್ಷಣ ಸೇರುವವರೂ ಬೇಕಿತ್ತಂತೆ. ಕೆಲಸದಲ್ಲಿರುವವರಿಗೆಲ್ಲ 90 ದಿನದ ನೋಟಿಸು. ಇಷ್ಟು ದಿನ ಯಾವುದನ್ನು ಮುಚ್ಚಿಡಬೇಕು ಅಂದುಕೊಂಡಿದ್ದೆನೋ, ಆ ಖಾಲಿ ಕೂತಿದ್ದೇ ಅನುಕೂಲಕ್ಕೆ ಬಂತು.

ಇಂಟರ್‌ವ್ಯೂನಲ್ಲಿ ಆ ಕಂಪನಿಯ ಎಂಡಿ ಮೊದಲು ಕೇಳಿದ್ದು, ‘ನಿಮಗೆ ಸಿಟ್ಟು ಜಾಸ್ತಿಯಂತೆ?’ ನನ್ನ ಬಗ್ಗೆ ವಿಚಾರಿಸೋಕೆ ಅಂತ ನಾನು ಕೊಟ್ಟ ಮೂರು ಹೆಸರಿನವರು ಹಾಗೆ ಹೇಳಿರಲು ಸಾಧ್ಯವಿಲ್ಲ. ನಾನು ಕೊಡದವರನ್ನೂ ವಿಚಾರಿಸಿದ್ದಾರೆ ಅಂತಾಯಿತು. ದೊಡ್ಡ ಹುದ್ದೆಗೆ ಇದು ಮಾಮೂಲಂತೆ. ‘ಹೌದು, ಬರುತ್ತೆ’ ಅಂದೆ. ಮೆಮೋ ಕಥೆ ಹೇಳಿದೆ. ಆಮೇಲೆ ಅವರು ಆ ಸುದ್ದಿ ಎತ್ತಲಿಲ್ಲ.

ಆಫರ್ ಬಂದಾಗ ಒಟ್ಟು ಮೊತ್ತ ನೋಡಿ ಖುಷಿಪಟ್ಟೆ. ಬಿಡಿಸಿ ನೋಡಿದರೆ ಕಾಲು ಭಾಗ ವೇರಿಯಬಲ್, ಅಂದರೆ ಕೆಲಸದ ಫಲ ನೋಡಿ ಕೊಡುವ ದುಡ್ಡು. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನೂ, ಅಂದರೆ ಮೂಲ ವೇತನದ 4.81 ಪರ್ಸೆಂಟನ್ನು, ಆ ಒಟ್ಟು ಮೊತ್ತಕ್ಕೇ ಸೇರಿಸಿದ್ದರು. ಐದು ವರ್ಷ ಕಳೆಯದೆ ಕೈಗೆ ಬಾರದ ದುಡ್ಡದು. ಫಿಕ್ಸೆಡ್ ಸ್ವಲ್ಪ ಏರಿಸಿ ಅಂತ ಕೇಳಿದೆ. ಅರ್ಧಕ್ಕೆ ಒಪ್ಪಿದರು. ಹಳೇ ಸಂಬಳಕ್ಕಿಂತ ತಿಂಗಳಿಗೆ ಕಡಿಮೆಯೇ. ಒಪ್ಪಿಕೊಂಡೆ.

2024ರ ಜೂನ್‌ನಲ್ಲಿ ಸೇರಿದೆ. ಮೊದಲ ದಿನ ಶೆಡ್ಡಿಗೆ ಹೋಗಿ, ಹಳೇ ಅಭ್ಯಾಸದಂತೆ ಒಂದು ಬೋರ್ಡನ್ನು ಎತ್ತಿ ನೋಡೋಣ ಅಂತ ಕೈ ಚಾಚಿದೆ. ಮಾಲೂರಿನಿಂದ ಬರುವ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಆಪರೇಟರ್ ಹುಡುಗಿ ತಟ್ಟನೆ ಅಡ್ಡ ಕೈ ಇಟ್ಟಳು. ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ತಗುಲಿದರೆ ಚಿಪ್ ಹಾಳಾಗುತ್ತದಂತೆ. ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ.

‘ಸಾರ್, ಮೊದ್ಲು ಕೈಗೆ ಪಟ್ಟಿ ಕಟ್ಕೊಳ್ಳಿ’ ಅಂದಳು.

ಕಟ್ಟಿಕೊಂಡೆ.